ಮುಳುಗಿದವರನ್ನು ಉಪ್ಪು ಬದುಕಿಸುತ್ತದೆಯೇ? ಬೋಟ್ ಟ್ರಿಪ್‌ಗೆ ಹೊರಡುವ ಮುನ್ನ ಓದಿ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಮಲಗಿದರೆ ಬೆಳಗ್ಗೆ ಹೊನ್ನಾವರವೋ ಕಾರವಾರವೋ. ಶರಾವತಿಯ ಕಾಂಡ್ಲಾ ಕಾಡಿನ ನಡುವೆ ದೋಣಿ, ಕಾಳಿ ನದಿ ಸಮುದ್ರ ಸೇರುವಲ್ಲಿ ಡಾಲ್ಫಿನ್, ಮುರ್ಡೇಶ್ವರದಿಂದ ನೇತ್ರಾಣಿ. ಘಟ್ಟದ ಮಳೆಕಾಡು ಕಡಲಿಗೆ ಇಷ್ಟು ಹತ್ತಿರ ಬರುವ ಜಾಗ ನಮ್ಮ ರಾಜ್ಯದಲ್ಲಿ ಉತ್ತರ ಕನ್ನಡ ಬಿಟ್ಟರೆ ಕಡಿಮೆ. ಅಜ್ಜಿಯಿಂದ ಹಿಡಿದು ಮೊಮ್ಮಗುವರೆಗೆ ಎಲ್ಲರೂ ಹೋಗಬಹುದಾದ ಪ್ರವಾಸ.

ಟಿಕೆಟ್ ಬುಕ್ ಆದ ಮರುದಿನವೇ ಅದೇ ಗ್ರೂಪ್‌ಗೆ ಯಾರಾದರೂ ಒಂದು ಸಂದೇಶ ಹಾಕುತ್ತಾರೆ. ನಮಗೂ ಅದು ಹಲವು ಸಲ ಬಂದಿದೆ. ‘ನೀರಿನಲ್ಲಿ ಮುಳುಗಿ ಸತ್ತವರ ದೇಹ ಮೂರ್ನಾಲ್ಕು ಗಂಟೆಯೊಳಗೆ ಸಿಕ್ಕರೆ ಹೂಳಬೇಡಿ, ಸುಡಬೇಡಿ. ಕ್ವಿಂಟಲ್‌ಗಟ್ಟಲೆ ಉಪ್ಪಿನಲ್ಲಿ ಮುಚ್ಚಿಡಿ. ಉಪ್ಪು ದೇಹದ ನೀರನ್ನೆಲ್ಲ ಹೀರಿ ಜೀವ ಬರುತ್ತದೆ. ಎಲ್ಲರಿಗೂ ಕಳಿಸಿ’ ಎನ್ನುವುದು ಅದರ ಸಾರ.

ಇದು ಸುಳ್ಳು. ಓದಿ ನಕ್ಕು ಬಿಡಬಹುದಾದ ಸುಳ್ಳೂ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನೀರಿಗೆ ಬಿದ್ದು ತೀರಿಕೊಂಡ ಬಾಲಕನನ್ನು ಮನೆಯವರು ಇದೇ ನಂಬಿಕೆಯಿಂದ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದರು. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ಇಬ್ಬರು ಬಾಲಕರ ವಿಷಯದಲ್ಲೂ ಹೀಗೇ ಆಯಿತು. ಮಕ್ಕಳು ಏಳಲಿಲ್ಲ. ಆ ತಂದೆತಾಯಿಯರನ್ನು ಮೂಢರು ಎನ್ನುವ ಹಕ್ಕು ನಮಗಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಯಾರಾದರೂ ಮಾಡಿಬಿಡುತ್ತಾರೆ. ಜವಾಬ್ದಾರಿ ಇರುವುದು ಬೆರಳ ತುದಿಯಲ್ಲಿ ಮುಂದಕ್ಕೆ ಕಳಿಸಿದವರದು.

ಈ ಕಥೆ ಹುಟ್ಟಿದ್ದು ಬಹುಶಃ ನೊಣದಿಂದ. ಮುಳುಗಿದ ನೊಣವನ್ನು ಒಣ ಉಪ್ಪಿನಲ್ಲಿ ಹೂತರೆ ಸ್ವಲ್ಪ ಹೊತ್ತಿಗೆ ಎದ್ದು ಹಾರುತ್ತದೆ. ಶಾಲೆಯಲ್ಲಿ ಈ ಆಟ ಆಡಿದವರು ನಮ್ಮಲ್ಲೂ ಇದ್ದಾರೆ. ನೊಣಕ್ಕೆ ನಮ್ಮಂಥ ಶ್ವಾಸಕೋಶವಿಲ್ಲ, ಮೈಯ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ ಅದು ಉಸಿರಾಡುತ್ತದೆ. ನೀರು ಆ ರಂಧ್ರಗಳನ್ನು ಮುಚ್ಚಿದಾಗ ಸತ್ತಂತೆ ಬಿದ್ದಿರುತ್ತದೆ. ಉಪ್ಪು ಆ ನೀರನ್ನು ಹೀರಿದರೆ ಗಾಳಿ ಒಳಗೆ ಹೋಗುತ್ತದೆ. ಅಂದರೆ ಆ ನೊಣ ಸತ್ತೇ ಇರಲಿಲ್ಲ.

ಮನುಷ್ಯನ ವಿಷಯ ಬೇರೆ. ಚರ್ಮದ ಮೇಲೆ ಉಪ್ಪು ಸುರಿದರೆ ಎದೆಯೊಳಗಿನ ನೀರು ಹೊರಗೆ ಬರುವುದಿಲ್ಲ. ಬಂದರೂ ಉಪಯೋಗವಿಲ್ಲ. ಮುಳುಗಿದವರು ಸಾಯುವುದು ಮೈತುಂಬ ನೀರು ತುಂಬಿಕೊಂಡು ಅಲ್ಲ, ಆಮ್ಲಜನಕ ಸಿಗದೆ. ಉಸಿರು, ರಕ್ತ ಸಂಚಾರ ನಿಂತ ನಾಲ್ಕಾರು ನಿಮಿಷಕ್ಕೆ ಮಿದುಳಿನ ಜೀವಕೋಶಗಳು ಹಾಳಾಗಲು ಶುರುವಾಗುತ್ತದೆ. ಗಂಟೆಗಳ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ.

ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು ಕೂಡ ಇದೇ ಜಾತಿಗೆ ಸೇರಿದ್ದು. ಹೊಟ್ಟೆ ಒತ್ತಿದರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇರುವ ಕೆಲವೇ ನಿಮಿಷಗಳೂ ಹೋಗುತ್ತವೆ.

ಹಾಗಾದರೆ ಏನು ಮಾಡಬೇಕು? ಹೊರಗೆ ತೆಗೆದ ತಕ್ಷಣ ಉಸಿರು ನೋಡಿ. ಇಲ್ಲವೆಂದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಗಾಳಿ ಊದಬೇಕು. ಹೃದಯಾಘಾತದಲ್ಲಿ ಎದೆ ಒತ್ತುವುದು ಮೊದಲು, ಮುಳುಗಿದವರಿಗೆ ಉಸಿರು ಮೊದಲು. ಆಮೇಲೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ 30 ಸಲ ಒತ್ತಿ, ಮತ್ತೆ 2 ಸಲ ಊದಿ. ಬಾಯಿಂದ ನೊರೆ ಬಂದರೆ ಒರೆಸುತ್ತಾ ಕೂರಬೇಡಿ. ಊದಲು ಬಾರದಿದ್ದರೆ ಎದೆಯನ್ನಾದರೂ ಒತ್ತುತ್ತಿರಿ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು.

ಇನ್ನು ದೋಣಿಯ ವಿಷಯ

2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟ್ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ಬೋಟ್‌ನಲ್ಲಿ ಜನ ಹೆಚ್ಚಿದ್ದರು, ಬಹುಪಾಲು ಮಂದಿಯ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಗಿತ್ತು. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ‘ಜಲಕನ್ಯಕ’ ಎಂಬ ಎರಡಂತಸ್ತಿನ ಬೋಟ್ ಮಗುಚಿ 45 ಜನ ಸತ್ತರು. 2023ರ ಮೇ 7ರಂದು ತಾನೂರಿನಲ್ಲಿ 22 ಜನ. ತೇಕ್ಕಡಿಯದು ಸಮುದ್ರವಲ್ಲ, ಅಲೆಯೇ ಇಲ್ಲದ ಅಣೆಕಟ್ಟೆಯ ನೀರು. ‘ಹಿನ್ನೀರು ಶಾಂತ, ಭಯವಿಲ್ಲ’ ಎನ್ನುವವರು ಇದನ್ನು ನೆನಪಿಡಬೇಕು.

ದೋಣಿ ನೆಟ್ಟಗೆ ನಿಲ್ಲುವುದು ಅದರ ಭಾರ ಕೆಳಗಿರುವುದರಿಂದ. ಜನ ಎದ್ದು ನಿಂತರೆ, ಮೇಲಂತಸ್ತಿಗೆ ಹತ್ತಿದರೆ ಭಾರದ ಕೇಂದ್ರವೂ ಮೇಲೇರುತ್ತದೆ. ಆಗ ಸ್ವಲ್ಪ ವಾಲಿದರೂ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಅದೇ ಹೊತ್ತಿಗೆ ‘ಅಕೋ ಡಾಲ್ಫಿನ್!’ ಎಂದು ಯಾರೋ ಕೂಗಿ, ಎಲ್ಲರೂ ಮೊಬೈಲ್ ಹಿಡಿದು ಒಂದೇ ಪಕ್ಕಕ್ಕೆ ನುಗ್ಗಿದರೆ ಸಾಕು. ತೇಕ್ಕಡಿಯಲ್ಲಿ ಪ್ರಾಣಿಗಳನ್ನು ನೋಡಲು ಜನ ಒಂದು ಕಡೆ ಸೇರಿದ್ದೂ ದುರಂತಕ್ಕೆ ಒಂದು ಕಾರಣ ಎನ್ನಲಾಗಿತ್ತು.

ಕಾರವಾರ, ಹೊನ್ನಾವರದಲ್ಲಿ ಇನ್ನೊಂದು ಅಪಾಯವೂ ಇದೆ: ಅಳಿವೆ. ನದಿ ಸಮುದ್ರ ಸೇರುವ ಈ ಬಾಯಲ್ಲಿ ಮರಳು ದಿಬ್ಬವಿದ್ದು ಆಳ ಕಡಿಮೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುವಾಗ ಎದುರಿಂದ ಅಲೆ ಬಂದರೆ, ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಒಳಗೆ ನದಿ ಕನ್ನಡಿಯಂತಿದ್ದು ಅರ್ಧ ಕಿಲೋಮೀಟರ್ ಮುಂದೆ ದೋಣಿ ಎಗರಾಡುವುದು ಇದರಿಂದಲೇ. ಊರಿನ ಮೀನುಗಾರರು ‘ಈಗ ಬೇಡ’ ಎಂದರೆ ವಾದ ಮಾಡಬೇಡಿ. ಮುಂಗಾರಿನಲ್ಲಂತೂ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆಗ ಗುಟ್ಟಾಗಿ ಕರೆದೊಯ್ಯುತ್ತೇನೆ ಎನ್ನುವವರ ದೋಣಿ ಹತ್ತಲೇಬಾರದು.

‘ನಮ್ಮ ಮಗ ಜಯನಗರದಲ್ಲಿ ಎರಡು ವರ್ಷ ಈಜು ಕಲಿತಿದ್ದಾನೆ, ಅವನಿಗೆ ಜಾಕೆಟ್ ಯಾಕೆ?’ ಈ ಪ್ರಶ್ನೆ ತುಂಬ ಸಲ ಬರುತ್ತದೆ. ಈಜುಕೊಳದಲ್ಲಿ ಹಿಡಿಯಲು ಅಂಚಿದೆ, ತಳ ಕಾಣುತ್ತದೆ, ಮೈಮೇಲೆ ಜೀನ್ಸ್ ಇರುವುದಿಲ್ಲ. ಮಗುಚಿದ ದೋಣಿಯ ಹತ್ತಿರ ತಲೆಗೆ ಪೆಟ್ಟು ಬಿದ್ದಿರಬಹುದು, ಹೆದರಿದವರು ಕುತ್ತಿಗೆ ಹಿಡಿದುಕೊಳ್ಳಬಹುದು. ನೀರಿನಲ್ಲಿ ನಮ್ಮ ದೇಹದ ಬಹುಪಾಲು ಭಾರವನ್ನು ನೀರೇ ಹೊರುತ್ತದೆ. ದೊಡ್ಡವರ ತಲೆ ಮೇಲಿರಲು ಇನ್ನು ನಾಲ್ಕೈದು ಕೆ.ಜಿ. ಎತ್ತುವ ಬಲವಿದ್ದರೆ ಸಾಕು, ಜಾಕೆಟ್ ಕೊಡುವುದು ಅದನ್ನೇ. ಆದರೆ ಅದನ್ನು ಕುಂಡೆಯ ಕೆಳಗೆ ಹಾಕಿಕೊಂಡು ಕೂತರೆ ಪ್ರಯೋಜನವಿಲ್ಲ. ಬಕಲ್ ಹಾಕಬೇಕು. ಮಗುವಿಗೆ ತೊಡಿಸಿ ಭುಜದ ಹತ್ತಿರ ಹಿಡಿದು ಎತ್ತಿ ನೋಡಿ: ಜಾಕೆಟ್ ಕಿವಿಯವರೆಗೆ ಬಂದರೆ ದೊಡ್ಡದಾಯಿತು, ಬೇರೆ ಕೇಳಿ. ಮಗು ಮುಳುಗುವಾಗ ಕೂಗುತ್ತದೆ ಎಂದೂ ಕಾಯಬೇಡಿ. ಉಸಿರಿಗೆ ಒದ್ದಾಡುವ ಬಾಯಿಗೆ ಕೂಗಲು ಆಗುವುದಿಲ್ಲ.

ವಾಂತಿಯ ಬಗ್ಗೆ ಎರಡೇ ಮಾತು. ಹೊಟ್ಟೆಗೆ ಪೇಪರ್ ಕಟ್ಟಿಕೊಂಡರೆ ಏನೂ ಆಗುವುದಿಲ್ಲ. ಒಳಕಿವಿ ‘ಅಲುಗುತ್ತಿದ್ದೇವೆ’ ಎಂದು ಹೇಳಿ, ಕಣ್ಣು ಮೊಬೈಲ್ ನೋಡುತ್ತಾ ‘ಇಲ್ಲ’ ಎಂದಾಗ ಮಿದುಳಿಗೆ ಆಗುವ ಗೊಂದಲವೇ ಓಕರಿಕೆ. ದೋಣಿಯ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟು ತಿಂಡಿಯೂ ಬೇಡ, ಎರಡು ಇಡ್ಲಿ ಸಾಕು. ಮಾತ್ರೆ ತೆಗೆದುಕೊಳ್ಳುವುದಾದರೆ ಹತ್ತುವ ಸುಮಾರು ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಸಾಮಾನ್ಯವಾಗಿ ಬಳಸುವ ಪ್ರೊಮೆಥಾಜಿನ್ ನಿದ್ದೆ ತರಿಸುತ್ತದೆ, 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ನಿಂಬೆಹಣ್ಣು ಮೂಸುವ ಅಜ್ಜಿಯನ್ನು ತಡೆಯಬೇಡಿ, ಅದರಿಂದ ತೊಂದರೆಯೇನಿಲ್ಲ. ಜಾಕೆಟ್ ಮಾತ್ರ ಅವರಿಗೂ ಹಾಕಿಸಿ, ಸೀರೆಯ ಮೇಲೆಯೇ.