ಹಿತ್ತಾಳೆ ಕಹಳೆಗೆ ಮರುಳಾಗುವ ಮುನ್ನ

ಬೆಂಗಳೂರಿನಲ್ಲಿ ಹೊಸದಾಗಿ ತೆರೆದ ಯಾವುದಾದರೂ ಕೆಫೆಗೆ ಹೋಗಿ, ಮೂಲೆಯಲ್ಲೊಂದು ಗ್ರಾಮಫೋನ್ ಕೂತಿರುತ್ತೆ. ಎಂಟು ಮೂಲೆಯ ಮರದ ಪೆಟ್ಟಿಗೆ, ಅದರ ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಮುಂದುಗಡೆ ನಾಯಿ ಚಿತ್ರ. ಅಂಥದ್ದೇ ಒಂದನ್ನು ಮಾರುವವನನ್ನು ಕೇಳಿದರೆ "ಬ್ರಿಟಿಷರ ಕಾಲದ್ದು ಸಾರ್" ಅಂತಾನೆ. ಮನೆಯ ಹಾಲ್‌ಗೆ ಚಂದ ಕಾಣುತ್ತೆ ಅಂತ ಮೊದಲ ಬೋನಸ್ಸಿನಲ್ಲೇ ಕೊಂಡವರು ನನ್ನ ಆಫೀಸಿನಲ್ಲೇ ಇಬ್ಬರಿದ್ದಾರೆ.

ಇಂಥವುಗಳಲ್ಲಿ ಹೆಚ್ಚಿನವು ಹೊಸ ಮಾಲು, ನಮ್ಮ ದೇಶದಲ್ಲೇ ತಯಾರಾದವು. ವಿದೇಶದ ಸಂಗ್ರಾಹಕರು ಇವಕ್ಕೆ 'ಕ್ರಾಪೋಫೋನ್' ಅಂತ ಅಡ್ಡಹೆಸರು ಇಟ್ಟಿದ್ದಾರೆ. ಅರ್ಥ ನಿಮಗೇ ಗೊತ್ತಾಗುತ್ತೆ. ಹೊಸ ಮಾಲು ಮಾರಿದರೆ ನನ್ನ ತಕರಾರಿಲ್ಲ. ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಅದರೊಳಗಿನ ಮೋಟಾರು ಮಾತ್ರ ಎಷ್ಟೋ ಸಲ ನಿಜವಾಗಿಯೂ ಹಳೆಯದು. ಯಾವುದೋ ಹಳ್ಳಿಮನೆಯ ಅಟ್ಟದಲ್ಲಿದ್ದ ಸೂಟ್‌ಕೇಸಿನಂಥ ಸಾದಾ ಗ್ರಾಮಫೋನನ್ನು ಒಡೆದು, ಅದರ ಮೋಟಾರು ಕಿತ್ತು, ಈ ಹೊಸ ಪೆಟ್ಟಿಗೆಗೆ ಕೂರಿಸಿರುತ್ತಾರೆ. ಒಂದು ನಕಲಿ ಹುಟ್ಟಬೇಕಾದರೆ ಒಂದು ಅಸಲಿ ಸಾಯಬೇಕು.

ಇದನ್ನು ಇಷ್ಟು ಬಿಡಿಸಿ ಹೇಳುವ ಸಂದರ್ಭ ಬಂದದ್ದು ನಮ್ಮ ಮತ್ತಿಘಟ್ಟದ ಮನೆಯಿಂದ. ದೊಡ್ಡಪ್ಪನ ಮನೆಯಲ್ಲಿ ಹಿಸ್ಸೆಯ ಮಾತು ನಡೀತಿತ್ತು. ತೋಟ, ಬೆಟ್ಟ, ಪಾತ್ರೆ ಎಲ್ಲ ಲೆಕ್ಕವಾಗಿ ಕೊನೆಗೆ ಉಳಿದದ್ದು ಅಜ್ಜನ 'ಹಾಡಿನ ಪೆಟ್ಟಿಗೆ'. ಅಷ್ಟರಲ್ಲಿ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದು, ಮೂರು ಸಾವಿರ ಕೊಡ್ತೇನೆ, ಪ್ಲೇಟುಗಳನ್ನೂ ಹಾಗೇ ಕೊಟ್ಟುಬಿಡಿ ಅಂದನಂತೆ. ಕಹಳೆಯೇ ಇಲ್ಲದ ಪೆಟ್ಟಿಗೆಗೆ ಅದೇ ಜಾಸ್ತಿ ಅನ್ನೋದು ಅಣ್ಣಂದಿರ ವಾದ. ಫೋಟೋ ನನಗೆ ಬಂತು.

ಕಹಳೆ ಇತ್ತು, ಪೆಟ್ಟಿಗೆಯ ಒಳಗೇ ಅಡಗಿತ್ತು. ಅದು ಎಚ್‌ಎಂವಿ 102, ಕಪ್ಪು ಬಣ್ಣದ್ದು. ಈ ಮಾದರಿ 1931ರಲ್ಲಿ ಬಂತು, 1950ರ ದಶಕದ ಕೊನೆಯ ತನಕವೂ ತಯಾರಾಯಿತು. ಅದರ ಹಿಂದಿನ 101 ಬಂದದ್ದು 1925ರಲ್ಲಿ. ಅದೇ ವರ್ಷ ಮೈಕಿನ ಮುಂದೆ ಹಾಡಿ ಮುದ್ರಿಸುವ ಪದ್ಧತಿಯೂ ಶುರುವಾಯಿತು. ಅಲ್ಲಿಯವರೆಗೆ ಹಾಡುಗಾರರು ಕಹಳೆಯೊಳಗೇ ಕೂಗಿ ಹಾಡಬೇಕಿತ್ತು.

ಮೂವತ್ತು ವರ್ಷದ ಹರವಿನಲ್ಲಿ ಇದು ಯಾವಾಗಿನದು ಅಂತ ತಿಳಿಯಲು ಸೂಜಿ ಸಿಕ್ಕಿಸುವ ದುಂಡನೆಯ ಸೌಂಡ್‌ಬಾಕ್ಸ್ ನೋಡಬೇಕು. 102ರಲ್ಲಿ ಮೊದಲು ಬಂದದ್ದು 16ನೇ ನಂಬರಿನದು, ಆಮೇಲೆ 5ಎ, ಕೊನೆಗೆ 5ಬಿ. ನಮ್ಮದರಲ್ಲಿ 5ಎ ಇತ್ತು. ಸೌಂಡ್‌ಬಾಕ್ಸನ್ನು ಯಾರು ಬೇಕಾದರೂ ಬದಲಾಯಿಸಬಹುದು, ಹಾಗಾಗಿ ಅದೊಂದನ್ನೇ ನಂಬಬಾರದು. ಮುಚ್ಚಳದೊಳಗೆ ಅಂಗಡಿಯವರ ಚೀಟಿ ಇದೆಯಾ, ಮೋಟಾರಿನ ತಟ್ಟೆಯ ಮೇಲೆ ಏನು ಕೆತ್ತಿದೆ, ಸ್ಕ್ರೂಗಳನ್ನು ಯಾರಾದರೂ ಬಿಚ್ಚಿದ ಗುರುತಿದೆಯಾ, ಎಲ್ಲ ಕೂಡಿ ಒಂದೇ ಮಾತು ಹೇಳಬೇಕು. ನಾಯಿ ಚಿತ್ರದಿಂದ ವರ್ಷ ಗೊತ್ತಾಗಲ್ಲ. ಫ್ರಾನ್ಸಿಸ್ ಬರೌ ಬರೆದ ಆ ಚಿತ್ರವನ್ನು ಕಂಪನಿ ಕೊಂಡದ್ದು 1899ರಲ್ಲಿ. ಇವತ್ತು ಅದರ ಸ್ಟಿಕ್ಕರು ಯಾವ ಸೈಜಿನಲ್ಲಿ ಬೇಕಾದರೂ ಸಿಗುತ್ತೆ.

ಇನ್ನು ಬೆಲೆ. 102 ಅಪರೂಪದ್ದಲ್ಲ, ರಾಶಿ ರಾಶಿ ತಯಾರಾದದ್ದು. ಕೆಂಪು, ನೀಲಿ, ಹಸಿರು ಬಣ್ಣದವಕ್ಕೆ ಕಪ್ಪಿಗಿಂತ ಹೆಚ್ಚು ಕೇಳುತ್ತಾರೆ. ಉಳಿದಂತೆ ಬೆಲೆ ನಿಲ್ಲೋದು ಎಲ್ಲ ಭಾಗ ಮೂಲದ್ದೇ ಇವೆಯಾ, ಹಾಡುತ್ತಾ ಅನ್ನೋದರ ಮೇಲೆ. ಆನ್‌ಲೈನಿನಲ್ಲಿ ಹಾಕಿದ ರೇಟು ನೋಡಿ ಲೆಕ್ಕ ಹಾಕಬೇಡಿ, ಅದು ಮಾರುವವನ ಆಸೆ ಅಷ್ಟೇ. ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ದರ ಹುಡುಕಿ. ಓಡುತ್ತಾ ಅಂತ ಪರೀಕ್ಷಿಸೋದು ಸುಲಭ. ಪ್ಲೇಟಿನ ಕೆಳಗೆ ಕಾಗದದ ಚೂರೊಂದನ್ನು ಹೊರಗೆ ಕಾಣುವಂತೆ ಇಟ್ಟು, ಫೋನಿನಲ್ಲಿ ಟೈಮರ್ ಹಾಕಿ ಸುತ್ತು ಎಣಿಸಿ. ನಿಮಿಷಕ್ಕೆ 78 ಆಗಬೇಕು. ಕಮ್ಮಿ ಬಂದರೆ ಮೊದಲು ವೇಗದ ತಿರುಪು ತಿರುಗಿಸಿ ನೋಡಿ. ಆಗಲೂ ಏರದೆ ಎಳೆಯುತ್ತಿದ್ದರೆ ಒಳಗಿನ ಗ್ರೀಸು ಗಟ್ಟಿಯಾಗಿದೆ ಅಂತ. ನಮ್ಮ ಕಡೆಯ ಮಳೆಗಾಲಕ್ಕೆ ಇದು ಮಾಮೂಲಿ ಕಾಯಿಲೆ, ರಿಪೇರಿ ಆಗುತ್ತೆ.

ಅಟ್ಟದಲ್ಲಿ ಪೆಟ್ಟಿಗೆಗಿಂತ ಹೆಚ್ಚು ಹೊತ್ತು ನೋಡಬೇಕಾದ್ದು ಪ್ಲೇಟುಗಳನ್ನು. ಆ ವ್ಯಾಪಾರಿ ಅವನ್ನು ಸುಮ್ಮನೆ ಕೇಳಿದ್ದಲ್ಲ. ಒಂದೇ ಮಗ್ಗುಲಲ್ಲಿ ಹಾಡಿದ್ದು, ಇನ್ನೊಂದು ಮಗ್ಗುಲು ನುಣ್ಣಗಿದ್ದರೆ ಅದು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳದ್ದಿರಬಹುದು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಪ್ಲೇಟು ತಯಾರಾಗಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಲೆಂದು ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. (ಆಕೆ ಕೊನೆಯ ದಿನ ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ.) ಕಲ್ಕತ್ತೆಯ ಸಿಯಾಲ್‌ದಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ, ಡಂಡಂನಲ್ಲಿ 1928ರಲ್ಲಿ. ಲೇಬಲ್ಲಿನಲ್ಲಿ ಡಂಡಂ ಅಂತಿದ್ದರೆ 1928ಕ್ಕಿಂತ ಹಳೆಯದಲ್ಲ. ನಾಟಕ ಕಂಪನಿಯವರ ಹಾಡು, ಗಂಗೂಬಾಯಿ ಹಾನಗಲ್ ಅವರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ಮೊದಮೊದಲ ಪ್ಲೇಟು ಇಂಥವು ಸಿಕ್ಕರೆ ಕೈಬಿಡಬೇಡಿ. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆ ಬಿಟ್ಟು ಹೋದದ್ದು ಅಬ್ದುಲ್ ಕರೀಂ ಖಾನರ ಪ್ಲೇಟೊಂದನ್ನು ಕೇಳಿದ ಮೇಲೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ದೊಡ್ಡಪ್ಪ ಅಂದದ್ದಿಷ್ಟೇ: "ತಮಾ, ಪೆಟ್ಗೆ ಹೋದ್ರೆ ಹೋತು, ಪ್ಲೇಟ್ ಮಾತ್ರ ಕೊಡ್ತ್ನಿಲ್ಲೆ." ಪೆಟ್ಟಿಗೆಯೂ ಹೋಗಲಿಲ್ಲ. ಒಡೆದು ಕೆಫೆಯ ಗೊಂಬೆ ಮಾಡ್ತಾರೆ ಅಂತ ಕೇಳಿದ ಮೇಲೆ ದೊಡ್ಡ ಅಣ್ಣನೇ ಅದನ್ನು ತನ್ನ ಪಾಲಿಗೆ ಹಾಕಿಸಿಕೊಂಡ, ಬದಲಿಗೆ ಎರಡು ತಾಮ್ರದ ಹಂಡೆ ಬಿಟ್ಟುಕೊಟ್ಟ. ತೂಕದ ಲೆಕ್ಕದಲ್ಲಿ ನಷ್ಟವೇ.

ನಿಮ್ಮ ಮನೆಯಲ್ಲೂ ಇದ್ದರೆ, ಬೂಷ್ಟು ಹಿಡಿದ ಪ್ಲೇಟನ್ನು ಸ್ಯಾನಿಟೈಸರಿನಲ್ಲಿ ಮಾತ್ರ ಒರೆಸಬೇಡಿ. ಅವು ಅರಗಿನ ಪ್ಲೇಟು. ಬಡಗಿ ಪಾಲಿಷ್ ಮಾಡುವಾಗ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾನಲ್ಲ, ಅದೇ ಗತಿ ಆಗುತ್ತೆ. ಒದ್ದೆ ಬಟ್ಟೆಗೆ ಒಂದು ಹನಿ ಸೋಪು ಹಾಕಿ ಲೇಬಲ್ ನೆನೆಯದಂತೆ ಒರೆಸಿ ಒಣಗಿಸಿ. ಉಕ್ಕಿನ ಸೂಜಿಯನ್ನು ಪ್ರತಿ ಮಗ್ಗುಲಿಗೂ ಬದಲಿಸಿ, ಇಲ್ಲದಿದ್ದರೆ ಸವೆದ ತುದಿ ಪ್ಲೇಟನ್ನು ಕೆರೆದು ಹಾಕುತ್ತೆ. ಈಗಿನ ಎಲ್‌ಪಿಗಳನ್ನು ಇದರ ಮೇಲೆ ಹಾಕಲೇಬೇಡಿ. ಅಮೆರಿಕಕ್ಕೆ ಒಯ್ಯುವ ಯೋಚನೆ ಇದ್ದವರು ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ದೇಶದಿಂದಾಚೆ ಸಾಗಿಸಲು 1972ರ ಕಾಯ್ದೆ ಬಿಡೋದಿಲ್ಲ. ಅಷ್ಟು ಹಳೆಯದಲ್ಲ ಅಂತ ಇಲಾಖೆಯಿಂದ ಬರೆಸಿಕೊಂಡರೆ ಏರ್‌ಪೋರ್ಟಿನಲ್ಲಿ ಜಗಳ ಇರಲ್ಲ.