ಕೋಟೆ ನೋಡೋಕೆ ವೀಸಾ ಯಾಕೆ ಸ್ವಾಮೀ?

ನಾಸಿಕದ ನಮ್ಮ ಕನ್ನಡ ಬಳಗದಲ್ಲಿ ಈಗ ಬರೀ ಯುರೋಪಿನದೇ ಮಾತು. ಎಂಟು ದಿನ, ಮೂರು ಅರಮನೆ-ಕೋಟೆ: ವಿಂಡ್ಸರ್, ಎಡಿನ್‌ಬರೋ, ನಾಯ್‌ಶ್ವಾನ್‌ಸ್ಟೈನ್. ಬ್ರಿಟನ್ನಿಗೊಂದು ವೀಸಾ, ಜರ್ಮನಿಗೆ ಇನ್ನೊಂದು! ಹೋಗಿ ಬನ್ನಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನ ತಕರಾರೇ ಬೇರೆ.

ನಾಯ್‌ಶ್ವಾನ್‌ಸ್ಟೈನ್ ಕಟ್ಟಲು ಶುರುಮಾಡಿದ್ದು 1869ರಲ್ಲಿ. ಛತ್ರಪತಿ ಸಂಭಾಜಿನಗರದ ಪಕ್ಕದ ದೇವಗಿರಿಗೆ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದ್ದು 1296ರಲ್ಲಿ. ಆಗಲೇ ಅದು ಸೇವುಣರ ರಾಜಧಾನಿ. ಆ ಸೇವುಣರು ಕನ್ನಡದಲ್ಲಿ ನೂರಾರು ಶಾಸನ ಬರೆಸಿದವರು. ಮರಾಠಿಯ ಜ್ಞಾನೇಶ್ವರಿ ಹುಟ್ಟಿದ್ದೂ ಅವರ ಆಳ್ವಿಕೆಯಲ್ಲೇ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಎಲ್ಲೋರಾ. ಅಲ್ಲಿನ ಕೈಲಾಸ ನಮ್ಮ ರಾಷ್ಟ್ರಕೂಟ ಕೃಷ್ಣನದು. ಅಷ್ಟು ದೂರ ಯಾಕೆ, ಸೇವುಣರ ಹಳೆಯ ರಾಜಧಾನಿ ಸಿನ್ನರ್ ನಾಸಿಕದ ಬಗಲಲ್ಲೇ ಇದೆ. ಎಷ್ಟು ಜನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಿ, ಹೇಳಿ ನೋಡೋಣ?

"ನೀವು ಹೊರಗಿನವರು" ಅಂತ ಯಾರಾದರೂ ಅಂದರೆ ನಮ್ಮ ಮಕ್ಕಳು ತಲೆ ತಗ್ಗಿಸುತ್ತಾರೆ. ಒಂದೇ ರಾಜಮನೆತನ ಎರಡೂ ನುಡಿಗಳನ್ನು ಸಾಕಿದ ನೆಲವಿದು ಅಂತ ಅವರಿಗೆ ಗೊತ್ತಿದ್ದರೆ ತಗ್ಗಿಸುತ್ತಿದ್ದರೇ? ಇದು ಜಗಳಕ್ಕೆ ಬಳಸುವ ಮಾತಲ್ಲ, ನೆಟ್ಟಗೆ ನಿಲ್ಲಲು ಬೇಕಾದ ಮಾತು. ಅದನ್ನು ವಿಂಡ್ಸರ್ ಕಲಿಸುವುದಿಲ್ಲ.

ವಿಮಾನದ ಟಿಕೆಟ್ ಆಮೇಲೆ ತೆಗೆಸಿ. ಮೊದಲು ಒಂದು ಶನಿವಾರ-ಭಾನುವಾರ ದೇವಗಿರಿ ಹತ್ತಿಸಿ. ಏನಂತೀರಿ?