ಪುಕ್ಕಟೆ ಅಕ್ಕಿಗೆ ಅರ್ಧ ದಿನದ ಕೂಲಿ

ಹೊಳಗುಂದ: ಓಣಿಗೆ ಬರುತ್ತಿದ್ದ ರೇಷನ್ ವ್ಯಾನು 2025ರ ಜೂನ್ 1ರಿಂದ ಬಂದ್ ಆಗಿದೆ. ಗಡಿಭಾಗದ ಕಾರ್ಡುದಾರರು ಮತ್ತೆ ಚೀಲ ಹಿಡಿದು ಸ್ಟೋರಿನ ಮುಂದೆ ಸಾಲು ನಿಲ್ಲುವಂತಾಗಿದೆ. ಸರ್ಕಾರ ಬದಲಾದರೆ ಪದ್ಧತಿ ಬದಲಾಗೋದು ಹೊಸದೇನಲ್ಲ. ವ್ಯಾನು ಚಲೋ ಇತ್ತು ಅನ್ನೋರು ಒಂದು ಪಕ್ಷ, ಸ್ಟೋರೇ ಚಲೋ ಅನ್ನೋರು ಇನ್ನೊಂದು ಪಕ್ಷ. ಈ ಜಗಳದಲ್ಲಿ ಒಂದು ಲೆಕ್ಕ ಮಾತ್ರ ಹೊರಗೇ ಉಳಿದುಬಿಟ್ಟಿದೆ. ಸಾಮಾನು ಮನೆಗೆ ತರೋಕೆ ಮನೆಯವರಿಗೆ ಬೀಳುವ ಖರ್ಚಿನ ಲೆಕ್ಕ ಅದು. ಅಂಗಡಿಯವ ಕೊಡುವ ಚೀಟಿಯಲ್ಲಿ ಅದು ಬರೆದಿರೋದಿಲ್ಲ.

ಕೇಂದ್ರ ಸರ್ಕಾರ ಆಹಾರ ಭದ್ರತೆ ಕಾಯ್ದೆಯ ಅಕ್ಕಿಯನ್ನು 2023ರ ಜನವರಿಯಿಂದ ಪುಕ್ಕಟೆ ಮಾಡಿದೆ. ತಲೆಗೆ 5 ಕೇಜಿ. ನಾಲ್ಕು ಜನರ ಮನೆಗೆ ತಿಂಗಳಿಗೆ 20 ಕೇಜಿ ಆಯಿತು. ಪುಕ್ಕಟೆ ಅನ್ನೋ ಮಾತಿಗೆ ನಮ್ಮ ಮನೆಯ ಮರಾಠಿಯಲ್ಲಿ 'ಫುಕಟ್' ಅಂತಾರೆ. ಎರಡೂ ಒಂದೇ ಶಬ್ದ, ಗಡಿ ದಾಟುವಾಗ ಸ್ವಲ್ಪ ವೇಷ ಬದಲಿಸಿದೆ ಅಷ್ಟೆ. ಆದರೆ ಎರಡೂ ಭಾಷೆಯ ಮನೆಗಳಲ್ಲಿ ಆ ಅಕ್ಕಿ ತರೋಕೆ ಒಬ್ಬರು ಕೆಲಸ ಬಿಡಲೇಬೇಕು.

ಲೆಕ್ಕ ನೋಡಿ. 2025-26ನೇ ಸಾಲಿಗೆ ಆಂಧ್ರದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 307 ರೂಪಾಯಿ ಎಂದು ನಿಗದಿಯಾಗಿತ್ತು. ಸ್ಟೋರಿಗೆ ಹೋಗಿ, ಸಾಲು ನಿಂತು, ಹೆಬ್ಬೆಟ್ಟು ಒತ್ತಿ, ಅಕ್ಕಿ ಹೊತ್ತು ಮನೆಗೆ ಬರೋದರೊಳಗೆ ಅರ್ಧ ದಿನ ಹೋಗುತ್ತದೆ ಅಂದುಕೊಳ್ಳಿ. ಅಲ್ಲಿಗೆ 150 ರೂಪಾಯಿ ಹೋಯಿತು. ಅರ್ಧ ದಿನ ಅನ್ನೋದೂ ಹೆಸರಿಗೆ ಮಾತ್ರ. ಹತ್ತಿ ಬಿಡಿಸೋಕೆ ಬೆಳಿಗ್ಗೆ ಆಟೋ ತುಂಬಿ ಆಳು ಹೋದಮೇಲೆ ಹನ್ನೊಂದು ಗಂಟೆಗೆ ಬಂದವರನ್ನು ಯಾವ ಹೊಲದವರು ಕರೀತಾರೆ? ಪೂರ್ತಿ ದಿನದ ಕೂಲಿಯೇ ಕೈಬಿಟ್ಟಂತೆ. ಅದರ ಮೇಲೆ ಬೆರಳಿನ ಗೋಳು ಬೇರೆ. ಹತ್ತಿ, ಮೆಣಸಿನಕಾಯಿ ಬಿಡಿಸಿ ಸವೆದ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಒಪ್ಪೋದಿಲ್ಲ. ಸರ್ವರ್ ಇಲ್ಲ, ನಾಳೆ ಬನ್ನಿ ಅಂದರೆ ಇನ್ನೊಂದು ದಿನ ಮಣ್ಣುಪಾಲು. ತಿಂಗಳ ಪುಕ್ಕಟೆ ಅಕ್ಕಿಗೆ ಎರಡು ದಿನದ ದುಡಿಮೆ ಕೊಟ್ಟರೆ ಅದನ್ನು ಪುಕ್ಕಟೆ ಅನ್ನೋದು ಹೇಗೆ?

ಬಾಗಿಲಿಗಲ್ಲ, ಓಣಿ ತುದಿಗೆ

ಈ ಖರ್ಚನ್ನೇ ಇಳಿಸುವ ಮಾತು ಹೇಳಿ ವ್ಯಾನು ಬಂದಿದ್ದು. 2021ರ ಜನವರಿ 21ರಂದು ಅಂದಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ ರೆಡ್ಡಿ ವಿಜಯವಾಡದಲ್ಲಿ ಹಸಿರು ನಿಶಾನೆ ತೋರಿಸಿದರು. ರಾಜ್ಯಕ್ಕೆಲ್ಲ ಸೇರಿ 9,260 ವಾಹನ. ನಿರುದ್ಯೋಗಿ ಯುವಕರಿಗೆ ಸಬ್ಸಿಡಿಯಲ್ಲಿ ವ್ಯಾನು, ಒಳಗೆ ತೂಕದ ಯಂತ್ರ, ಮೈಕು. ಮರಾಠಿಯಲ್ಲಿ ಇದಕ್ಕೆ 'ಘರಪೋಚ್' ಎಂಬ ಚೊಕ್ಕ ಶಬ್ದವಿದೆ, ಮನೆಗೇ ಮುಟ್ಟಿಸೋದು ಅಂತ ಅರ್ಥ. ಆದರೆ ನಮ್ಮ ಕಡೆ ಬಹಳ ಊರುಗಳಲ್ಲಿ ವ್ಯಾನು ಮನೆಗೆ ಮುಟ್ಟಲಿಲ್ಲ. ಓಣಿ ತುದಿಯಲ್ಲೋ ಗುಡಿ ಕಟ್ಟೆ ಹತ್ತಿರವೋ ನಿಲ್ಲುತ್ತಿತ್ತು. ಜನ ಚೀಲ ಹಿಡಿದು ಅಲ್ಲಿಗೇ ಓಡಬೇಕಿತ್ತು. ಸ್ಟೋರಿನ ಸಾಲು ವ್ಯಾನಿನ ಹಿಂದೆ ಬಂತು, ಅಷ್ಟೇ ವ್ಯತ್ಯಾಸ.

ಇನ್ನೊಂದು ತೊಡಕು ಹೊತ್ತಿನದು. ಸ್ಟೋರಿಗಾದರೆ ನಾವು ನಮಗೆ ಬಿಡುವಾದಾಗ ಹೋಗಬಹುದು, ಬಾಗಿಲು ತೆರೆದಿದ್ದರೆ. ವ್ಯಾನು ಬರುವಾಗ ನಾವು ಮನೆಯಲ್ಲಿರಬೇಕು. ಗಂಡ ಹೆಂಡತಿ ಇಬ್ಬರೂ ಹೊಲಕ್ಕೆ ಹೋದ ಮನೆಯಲ್ಲಿ ಹಗಲು ಹನ್ನೆರಡಕ್ಕೆ ಯಾರಿರ್ತಾರೆ? ಶಾಲೆ ಹುಡುಗರು, ಇಲ್ಲವೇ ಹಾಸಿಗೆ ಹಿಡಿದ ಮುದುಕರು. ವ್ಯಾನು ತಪ್ಪಿತು ಅಂದರೆ ಅದು ಇವತ್ತು ಯಾವ ಊರಲ್ಲಿದೆ ಎಂದು ಫೋನ್ ಹಚ್ಚಿ ಕೇಳುವ ಪಾಡು ಹೇಳತೀರದು.

ಇಷ್ಟೆಲ್ಲ ಇದ್ದರೂ ವ್ಯಾನು ದಂಡವಾಯಿತು ಎಂದು ಒಂದೇ ಮಾತಲ್ಲಿ ತಳ್ಳಿಹಾಕೋಕೆ ಬಿ.ಕಾಂ. ಓದಿದ ನನ್ನಂಥವನಿಗೆ ಮನಸ್ಸು ಒಪ್ಪೋದಿಲ್ಲ. ವ್ಯಾನು ಒಂದಕ್ಕೆ ಬಾಡಿಗೆ, ಹಮಾಲಿ, ಡೀಸೆಲ್ ಎಲ್ಲ ಸೇರಿ ತಿಂಗಳಿಗೆ 21,000 ರೂಪಾಯಿ ಕೊಡೋದಾಗಿ ಸರ್ಕಾರ 2021ರಲ್ಲಿ ಹೇಳಿತ್ತು. 9,260 ವ್ಯಾನಿಗೆ ಗುಣಿಸಿದರೆ ತಿಂಗಳಿಗೆ ಸುಮಾರು 19 ಕೋಟಿ 45 ಲಕ್ಷ. ಕೇಳೋಕೆ ದೊಡ್ಡ ಮೊತ್ತವೇ. ಆದರೆ ರಾಜ್ಯದಲ್ಲಿರುವ ಅಕ್ಕಿ ಕಾರ್ಡುಗಳು ಸುಮಾರು 1 ಕೋಟಿ 46 ಲಕ್ಷ. ಭಾಗಿಸಿದರೆ ಕಾರ್ಡಿಗೆ ತಿಂಗಳಿಗೆ 13 ರೂಪಾಯಿ ಚಿಲ್ಲರೆ. ವ್ಯಾನು ಕೊಂಡ 539 ಕೋಟಿ ರೂಪಾಯಿಯನ್ನು ಆರು ವರ್ಷಕ್ಕೆ ಹಂಚಿ ಸೇರಿಸಿದರೂ ಇನ್ನೊಂದು ಐದು ರೂಪಾಯಿ. ಅಂದರೆ ಸರ್ಕಾರ ಸುಮಾರು 18 ರೂಪಾಯಿ ಖರ್ಚು ಮಾಡಿ ಒಂದು ಮನೆಯ 150 ರೂಪಾಯಿ ಉಳಿಸುವ ಅವಕಾಶವಿತ್ತು. ವ್ಯಾನು ನಿಜಕ್ಕೂ ಬಾಗಿಲಿಗೆ, ಹೇಳಿದ ಹೊತ್ತಿಗೆ ಬಂದಿದ್ದರೆ ಇದು ಬಲು ಅಗ್ಗದ ವ್ಯವಹಾರ. ಬರದೇ ಇದ್ದಲ್ಲಿ 18 ರೂಪಾಯಿಯೂ ಹೋಯಿತು, 150ಯೂ ಹೋಯಿತು.

ವ್ಯಾನುಗಳೇ ಅಕ್ಕಿ ಕಳ್ಳಸಾಗಣೆಗೆ ದಾರಿಯಾದವು ಅನ್ನೋದು ಈಗಿನ ಸರ್ಕಾರದ ಆರೋಪ. ಇರಬಹುದು. ಹಾಗಂತ ವ್ಯಾನು ಬರುವ ಮುಂಚೆ ಸ್ಟೋರ್ ಅಕ್ಕಿ ಕಾಳಸಂತೆ ಮುಖ ನೋಡಿರಲೇ ಇಲ್ಲ ಅಂದರೆ ಗಡಿಯಲ್ಲಿರೋರು ನಗ್ತಾರೆ.

ಬಸ್ ಪುಕ್ಕಟೆ, ಹೊತ್ತು ಪುಕ್ಕಟೆಯಲ್ಲ

ಅಕ್ಕಿ ಬಿಡಿ, ಉಳಿದ ಸಾಮಾನಿನ ಕಥೆಯೂ ಬೇರೆಯಲ್ಲ. ಬೇಳೆ, ಎಣ್ಣೆ, ಬೆಲ್ಲ ಆದೋನಿಯಲ್ಲಿ ಅಗ್ಗ ಎಂದು ಹೊಳಗುಂದದವರು ಬಸ್ ಹತ್ತೋದು ಹಳೇ ರೂಢಿ. ಸಾವಿರ ರೂಪಾಯಿ ಸಾಮಾನಿಗೆ ಅರವತ್ತು ರೂಪಾಯಿ ಉಳಿಯಿತು ಅಂತಲೇ ಇಟ್ಟುಕೊಳ್ಳೋಣ. ಪೇಟೆಯಿಂದ ಬಸ್ ಸ್ಟ್ಯಾಂಡಿಗೆ ಚೀಲದ ಜೊತೆ ಆಟೋ, ಒಂದು ಚಹಾ, ಜೊತೆಗೆ ಬಂದ ಮಗುವಿಗೆ ಒಂದು ಬಿಸ್ಕತ್ ಪುಡಿಕೆ. ಉಳಿತಾಯ ಅಲ್ಲೇ ಕರಗಿತು. ಪೇಟೆಗೆ ಬಂದ ಮೇಲೆ ಚೀಟಿಯಲ್ಲಿ ಇಲ್ಲದ ಎರಡು ಸಾಮಾನು ಹೆಚ್ಚಿಗೆ ಬರೋದಂತೂ ಇದ್ದದ್ದೇ.

2025ರ ಆಗಸ್ಟ್ 15ರಿಂದ ಆಂಧ್ರದ ಹೆಣ್ಣುಮಕ್ಕಳಿಗೆ 'ಸ್ತ್ರೀಶಕ್ತಿ' ಅಡಿ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಅದರ ಉಪಕಾರ ದೊಡ್ಡದೇ. ಆದರೆ ಅಂತರರಾಜ್ಯ ಬಸ್ಸಿಗೆ ಅದು ನಡೆಯೋದಿಲ್ಲ. ಅತ್ತ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಇರುವ 'ಶಕ್ತಿ' ಅಲ್ಲಿನ ನಿವಾಸಿಗಳಿಗೆ ಮಾತ್ರ. ಸಿರುಗುಪ್ಪ, ಬಳ್ಳಾರಿ ಕಡೆ ಸಂತೆ, ಸಂಬಂಧ ಎರಡೂ ಇಟ್ಟುಕೊಂಡ ನಮ್ಮ ಅಕ್ಕತಂಗಿಯರು ಪಕ್ಕದ ಸೀಟಿನಾಕೆ ಸುಮ್ಮನೆ ಕೂತಿರುವಾಗ ಆಧಾರ್ ಕಾರ್ಡಿನ ವಿಳಾಸದಿಂದಾಗಿ ದುಡ್ಡು ಎಣಿಸಬೇಕು. ಮಾತಾಡೋ ಭಾಷೆ ಒಂದೇ, ಟಿಕೆಟ್ ಬೇರೆ! ಟಿಕೆಟ್ ಇಲ್ಲದ ಆದೋನಿ ಬಸ್ಸಿನಲ್ಲೂ ಹೋಗಿ ಬರೋದರಲ್ಲಿ ಒಂದು ದಿನ ಮುಗೀತದೆ.

ಹಾಗಾಗಿ ಓಣಿ ಅಂಗಡಿಯೇ ಗತಿ. ಅಲ್ಲಿ ಹತ್ತು ರೂಪಾಯಿ ಎಣ್ಣೆ, ಐದು ರೂಪಾಯಿ ಚಹಾಪುಡಿ, ಕಾಲು ಕೇಜಿ ಸಕ್ಕರೆ. ಚಿಕ್ಕ ಪುಡಿಕೆಯಲ್ಲಿ ಕೊಂಡರೆ ಕೇಜಿ ಲೆಕ್ಕಕ್ಕೆ ದುಬಾರಿ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿಗೆ ಕೈಯಲ್ಲಿರೋದೇ ಮೂವತ್ತು ರೂಪಾಯಿ ಆದರೆ ಏನ್ ಮಾಡೋದು? ಉದ್ರಿ ಬರೆಸಿದರೆ ದರ ಕೇಳುವ ಬಾಯಿ ಇರೋದಿಲ್ಲ. ಚೀಟಿಯಲ್ಲಿ ಬಡ್ಡಿ ಎಂದು ಬರೆಯದೇ ಬಡ್ಡಿ ಹಿಡಿಯುವ ಜಾಗ ಅದು. ಪ್ಯಾಕೆಟ್ ಚಂದ ಎಂದು ಕೊಳ್ಳೋರಿಗೆ ಇನ್ನೊಂದು ಮಾತು: 2022ರ ಜುಲೈ 18ರಿಂದ 25 ಕೇಜಿವರೆಗಿನ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್ಟಿಗೆ ಶೇ. 5 ಜಿಎಸ್‌ಟಿ ಬಿದ್ದಿದೆ. ಬಿಡಿಯಾಗಿ ತೂಗಿಸಿಕೊಂಡರೆ ಆ ತೆರಿಗೆ ಇಲ್ಲ.

ಈಚೆಗೆ ಇಲ್ಲಿನ ಅಂಗಡಿಗಳಿಗೂ ವಾಟ್ಸಾಪ್‌ನಲ್ಲಿ ಚೀಟಿ ಕಳಿಸಿ, ಫೋನಿನಲ್ಲೇ ದುಡ್ಡು ಹಾಕಿ, ಹುಡುಗನ ಕೈಲಿ ಸಾಮಾನು ತರಿಸೋದು ಶುರುವಾಗಿದೆ. ಬೆಂಗಳೂರಲ್ಲಿರುವ ನಮ್ಮೂರ ಮಕ್ಕಳಿಗೆ ಇದು ಹಳೇ ಸುದ್ದಿ. ಅಲ್ಲಿ 1999ರಲ್ಲೇ ಫ್ಯಾಬ್‌ಮಾರ್ಟ್ ಇಂಟರ್ನೆಟ್ಟಿನಲ್ಲಿ ವ್ಯಾಪಾರ ತೆರೆದಿತ್ತು. ಅದರ ಹಿಂದಿದ್ದವರೇ 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. ಈಗ ಅಲ್ಲಿನವರು ಕೊತ್ತಂಬರಿ ಕಟ್ಟನ್ನೂ ಮೊಬೈಲ್ ಒತ್ತಿ ತರಿಸ್ತಾರೆ. ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು ಎಂದು ಅದರ ಬಿಲ್ಲಿನಲ್ಲಿ ಸಾಲಾಗಿ ಬಂದಿರುತ್ತದೆ. ಜನ ಬೈತಾರೆ, ಆದರೆ ಒಂದು ಉಪಕಾರ ಇದೆ. ಸಾಮಾನು ಮನೆಗೆ ಬರೋಕೆ ಎಷ್ಟು ಬಿತ್ತು ಅನ್ನೋದು ಅಲ್ಲಿ ಕಾಣುತ್ತದೆ. ಹೊಳಗುಂದದ ಹುಡುಗ ಮೊಪೆಡ್ ಮೇಲೆ ತಂದುಕೊಡುವಾಗ ಚಾರ್ಜು ಇಲ್ಲ ಅಂತಾನೆ. ಪೆಟ್ರೋಲ್ ಯಾರು ಹಾಕಿಸ್ತಾರೆ? ಬೇಳೆ ದರದಲ್ಲೇ ಸೇರಿರಬೇಕು. ತಕ್ಕಡಿ ಮುಂದೆ ನಾವು ನಿಂತಿರೋದಿಲ್ಲ ಅನ್ನೋದೂ ನೆನಪಿರಲಿ. ಮನೆಗೆ ಬಂದ ಚೀಲವನ್ನು ಒಂದೆರಡು ಸಲ ತೂಗಿ ನೋಡೋದರಲ್ಲಿ ಸಂಕೋಚವೇನೂ ಬೇಡ. ಅಷ್ಟಾದರೂ ಮೈಯಲ್ಲಿ ಹುಷಾರಿಲ್ಲದ ಮುದುಕಿಗೆ, ಬಾಣಂತಿ ಇರುವ ಮನೆಗೆ, ಕೂಲಿ ಬಿಟ್ಟು ಬರಲಾಗದವರಿಗೆ ಈ ಹುಡುಗ ದೇವರಿದ್ದಂಗೆ.

ವಯಸ್ಸಿನ ಲೆಕ್ಕ ಇದೆ, ಕೂಲಿಯ ಲೆಕ್ಕ ಇಲ್ಲ

ಮತ್ತೆ ಸ್ಟೋರಿಗೆ ಬರೋಣ. ಈಗಿನ ನಿಯಮದಂತೆ ಸ್ಟೋರು ತಿಂಗಳ 1ರಿಂದ 15ರವರೆಗೆ, ಬೆಳಿಗ್ಗೆ 8ರಿಂದ 12, ಸಂಜೆ 4ರಿಂದ 8ರವರೆಗೆ ತೆರೆದಿರಬೇಕು. ಭಾನುವಾರವೂ ಸೇರಿ. 65 ದಾಟಿದವರಿಗೂ ಅಂಗವಿಕಲರಿಗೂ ಡೀಲರೇ ಮನೆಗೆ ಮುಟ್ಟಿಸಬೇಕು. ಬೇರೆ ರಾಜ್ಯಗಳದೂ ಹೆಚ್ಚು ಕಡಿಮೆ ಇದೇ ದಾರಿ. ಕರ್ನಾಟಕ 2024-25ರ ಬಜೆಟ್‌ನಲ್ಲಿ 80 ದಾಟಿದ ಹಿರಿಯರ ಮನೆಗೆ ಧಾನ್ಯ ತಲುಪಿಸುವ 'ಅನ್ನ ಸುವಿಧಾ' ಘೋಷಿಸಿತು. ತಮಿಳುನಾಡು 2025ರ ಆಗಸ್ಟ್ 12ರಂದು ಇಂಥದ್ದೇ ಯೋಜನೆ ಶುರು ಮಾಡಿದಾಗ 70 ದಾಟಿದವರನ್ನು, ಅಂಗವಿಕಲರನ್ನು ಹಿಡಿದಿತ್ತು. ಎಲ್ಲ ಕಡೆ ವಯಸ್ಸು ನೋಡಿದ್ದಾರೆ. ಅದು ಸರಿಯೇ. ಆದರೆ ಸ್ಟೋರಿಗೆ ಹೋಗಿ ಬರೋಕೆ ಅತಿ ಹೆಚ್ಚು ದುಡ್ಡು ಕಳಕೊಳ್ಳೋಳು ಎಪ್ಪತ್ತರ ಅಜ್ಜಿಯಲ್ಲ, ಮೂವತ್ತೈದರ ಕೂಲಿ ಹೆಣ್ಣುಮಗಳು. ಆಕೆಗೆ ಇದರಲ್ಲಿ ಏನೂ ಇಲ್ಲ.

ಆಕೆಗೆ ವ್ಯಾನೇ ಬೇಕು ಅಂತ ನಾನು ಅನ್ನೋದಿಲ್ಲ. ಸಂಜೆ 4ರಿಂದ 8 ಎಂದು ಬರೆದದ್ದನ್ನು ಹೊಲದಿಂದ ಜನ ವಾಪಸ್ ಬರುವ ಏಳು ಗಂಟೆಗೂ ಬಾಗಿಲು ತೆರೆದಿಟ್ಟು ನಡೆಸಿದರೆ ಅರ್ಧ ತೊಂದರೆ ನೀಗುತ್ತದೆ. ಸ್ಟಾಕು ಮುಗೀತು ಎಂದು ಏಳನೇ ತಾರೀಖಿಗೇ ಬಾಗಿಲು ಎಳೆಯೋದು ನಡೆಯಬಾರದು. ಹತ್ತಿ ಸುಗ್ಗಿಯ ತಿಂಗಳುಗಳಲ್ಲಿ ಹೊತ್ತು ಒಂಬತ್ತಕ್ಕೆ ಹೆಚ್ಚಿಸೋಕೆ ಕರ್ನೂಲು ಜಿಲ್ಲಾ ಅಧಿಕಾರಿಗಳು ಮನಸ್ಸು ಮಾಡಬೇಕು. ಒಂದೇ ಓಣಿಯ ಹತ್ತು ಮನೆಯವರು ಸೇರಿ ಕೇಳಿದರೆ ಡೀಲರು ಒಂದು ರಾತ್ರಿ ಅಲ್ಲಿಗೇ ಯಂತ್ರ ತರುವ ಏರ್ಪಾಟೂ ಆಗಬಹುದು. ಮುದುಕರ ಮನೆಗೆ ಹೇಗೂ ಅದೇ ಯಂತ್ರ ಹೊತ್ತು ಹೋಗಬೇಕಲ್ಲ.

ಗುಳೆ ಹೋದವರ ಮಾತು ಬೇರೆಯೇ. ಕೋಸಿಗಿ, ಕೌತಾಳಂ, ಹೊಳಗುಂದ ಭಾಗದಿಂದ ಮೆಣಸಿನಕಾಯಿ ಬಿಡಿಸೋಕೆ ಗುಂಟೂರು ಕಡೆ ಹೋಗುವ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಕಾರ್ಡು ರಾಜ್ಯದ ಯಾವ ಸ್ಟೋರಿನಲ್ಲಾದರೂ ನಡೆಯುತ್ತದೆ, ಅಕ್ಕಿ ಅಲ್ಲೇ ಎತ್ತಬಹುದು. ಊರಲ್ಲಿ ಉಳಿದ ಮುದುಕರು ತಮ್ಮ ಪಾಲಿಗೆ ಏನು ಮಾಡಬೇಕು ಅನ್ನೋದನ್ನು ಗುಳೆ ಹೊರಡುವ ಮುಂಚೆಯೇ ಡೀಲರನ್ನು ಕೇಳಿಕೊಂಡು ಹೋಗೋದು ಒಳ್ಳೇದು.

ಇನ್ನು ಬೋರ್ಡಿನ ವಿಷಯ. ಸ್ಟೋರಿನ ಹೊತ್ತು, ತಾರೀಖು, ತಲೆಗೆ ಎಷ್ಟು ಕೇಜಿ, ಮನೆಗೆ ಮುಟ್ಟಿಸೋದು ಯಾರ್ಯಾರಿಗೆ ಅನ್ನೋದೆಲ್ಲ ತೆಲುಗಿನಲ್ಲಿ ಬರೆದರೆ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರು ಓದೋದು ಹೇಗೆ? ಮಾತಾಡೋಕೆ ತೆಲುಗು ಬರುತ್ತದೆ, ಓದೋಕೆ ಬರೋದಿಲ್ಲ. ಮನೆಗೆ ಅಕ್ಕಿ ತರಿಸಿಕೊಳ್ಳುವ ಹಕ್ಕು ಇದೆ ಎಂದು ಗೊತ್ತಿಲ್ಲದೇ ಕೋಲೂರಿಕೊಂಡು ಸ್ಟೋರಿಗೆ ಬರೋರು ಇದ್ದಾರೆ. ಹೊಳಗುಂದ, ಆಲೂರು, ಆದೋನಿ ಭಾಗದ ಪ್ರತಿ ಸ್ಟೋರಿನ ಬೋರ್ಡಿನಲ್ಲಿ ಈ ನಾಲ್ಕು ಸಾಲು ಕನ್ನಡದಲ್ಲೂ ಬರೆಸೋಕೆ ಒಂದು ಡಬ್ಬಿ ಬಣ್ಣ ಸಾಕು. ಅಷ್ಟರತನಕ ಮನೆಯಲ್ಲಿ 65 ದಾಟಿದವರಿದ್ದರೆ ಕಾರ್ಡು, ಆಧಾರ್ ತೋರಿಸಿ ಡೀಲರ ಹತ್ತಿರ ಹೆಸರು ಇದೆಯೋ ಇಲ್ಲವೋ ನೋಡಿಸಿ. ಇಲ್ಲ ಅಂದರೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಬರೆದು ಕೊಡಿ.